ಮಕ್ಕಳ ತೋಟಗಾರ ಫ್ರೋಬೆಲ್

ಮಗುವಿನ ಆಟವನ್ನು ಕಂಡು ಸಂತೋಷಪಡದ ಹಿರಿಯರಿಲ್ಲ. ಆದರೆ ಆ ಸಂತೋಷ ಒಂದು ಗಳಿಗೆಯದು. ಮರುಗಳಿಗೆಯಲ್ಲಿಯೇ ನಾವು ಮಗುವನ್ನು ಕರೆದು, ಆಡಿದ್ದು ಸಾಕು, ಇನ್ನು ಓದಿಕೋ ಎನ್ನುತ್ತೇವೆ. ಆಟವೆಂದರೆ ಕಾಲಹರಣ, ಓದೆಂದರೆ ಕೆಲಸ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಈ ಎಣಿಕೆ ಸರಿಯಲ್ಲವೆಂದು ಹೇಳಿದ ವಿಚಾರವಂತರು ಹಿಂದೆಯೂ ಇದ್ದರು. ಆದರೆ ಎಳೆಯ ಮಕ್ಕಳ ಆಟವನ್ನೇ ಒಂದು ಶಿಕ್ಷಣಕ್ರಮವನ್ನಾಗಿ ಮಾಡಿ, ಅದಕ್ಕೆ ತಕ್ಕ ಸಾಮಗ್ರಿ, ತಕ್ಕ ಸ್ಥಳ, ತಕ್ಕ ಉಪಾಧ್ಯಾಯಿನಿಯರು ಇವೆಲ್ಲವನ್ನೂ ಒದಗಿಸಲು ತನ್ನ ಬಾಳನ್ನು ಸವೆಸಿದವನು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್. ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವನು ಈತನೇ. ಆ ಹೆಸರಿನ ಅಕ್ಷರಗಳನ್ನು ಹೊತ್ತ ಎಲ್.ಕೆ.ಜಿ., ಯು.ಕೆ.ಜಿ. ಫಲಕಗಳು ಇಂದು ನಮ್ಮ ಸಣ್ಣ ಸಣ್ಣ ಊರುಗಳಲ್ಲಿಯೂ ಕಾಣುತ್ತವೆ. ಹೆಸರನ್ನು ಉಳಿಸಿಕೊಂಡ ನಾವು ಆ ಹೆಸರಿಟ್ಟವನ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ ಎಂಬುದನ್ನು ಅರಿಯಬೇಕಾದರೆ ಅವನ ಜೀವನವನ್ನು ತಿಳಿಯುವುದು ಅವಶ್ಯಕ.

ಫ್ರೋಬೆಲನು ೧೭೮೨ನೆಯ ಇಸವಿ ಏಪ್ರಿಲ್ ೨೧ರಂದು ಜರ್ಮನಿಯ ತುರಿಂಜಿಯಾ ಪ್ರಾಂತದ ಕಾಡುಸೀಮೆಯಲ್ಲಿರುವ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಹಲವು ಹಳ್ಳಿಗಳ ಭಾರ ಹೊತ್ತವನು, ಶಿಸ್ತಿನ ಮನುಷ್ಯ, ಮಗನೊಡನೆ ಕುಳಿತು ಮಾತನಾಡಲು ಬಿಡುವಿಲ್ಲದವನು. ಮಗುವಿಗೆ ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡಳು. ಕೂಸು ಅಣ್ಣಂದಿರ ಮತ್ತು ಮನೆಯ ಆಳುಗಳ ಕೈಯಲ್ಲಿ ಬೆಳೆಯಿತು. ಅದಕ್ಕೆ ನಾಲ್ಕು ವರ್ಷವಾದಾಗ ತಂದೆ ಮತ್ತೆ ಮದುವೆಯಾದನು. ಮೊದಮೊದಲು ಮಲತಾಯಿ ಪ್ರೀತಿಯಿಂದಲೇ ನೋಡಿಕೊಂಡಳು. ಹುಡುಗನೂ ಅವಳಿಗೆ ಹೃದಯವನ್ನೆಲ್ಲ ಒಪ್ಪಿಸಿದನು. ಆದರೆ ಅವಳಿಗೆ ಸ್ವಂತ ಮಗ ಹುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ನೀನು ಎಂದು ಕರೆಯುವುದನ್ನೂ ಬಿಟ್ಟು, ಎದುರಿಗೆ ನಿಂತವನನ್ನೇ ಅವನು ಎಂದು ಮಾತನಾಡಿಸತೊಡಗಿದಳು. ಆಗಿನ ಜರ್ಮನ್ ಭಾಷೆಯಲ್ಲಿ ಅದು ಆಳುಕಾಳುಗಳೊಡನೆ ಆಡುವ ಮಾತಿನ ರೀತಿ. ಆ ಒಂದು ಸರ್ವನಾಮ ಎಳೆಯ ಮನಸ್ಸಿಗೆ ಮಾಡಿದ ಗಾಯವನ್ನು ಫ್ರೋಬೆಲನು ಮುಪ್ಪಿನವರೆಗೂ ಮರೆಯಲಿಲ್ಲ.

ಅಕ್ಷರ ಕಲಿಯುವುದರಲ್ಲಿ ಹುಡುಗ ನಿಧಾನ. ಇವನು ಮಂದಮತಿ ಎಂದು ತಂದೆಯೇ ತೀರ್ಮಾನಿಸಿಬಿಟ್ಟನು. ಹೀಗೆ ಒಂಟಿಯಾದ ಬಾಲಕನಿಗೆ ಮನೆಯ ಹಿಂದಿನ ತೋಟ ಮತ್ತು ಸುತ್ತಣ ಬೆಟ್ಟಗುಡ್ಡಗಳೇ ಸಂಗಾತಿಗಳಾದವು. ರಜೆಯಲ್ಲಿ ಮನೆಗೆ ಬಂದ ಅಣ್ಣ ಕ್ರಿಸ್ಟೋಫ್, ಗಿಡದ ಹೂವುಗಳಲ್ಲಿಯೂ ಗಂಡು ಹೆಣ್ಣು ಎಂಬ ಭೇದವುಂಟೆಂದು ಒಮ್ಮೆ ತೋರಿಸಿಕೊಟ್ಟನು. ಲೋಕದಲ್ಲಿರುವುದೆಲ್ಲವೂ ಒಂದೇ ನಿಯಮದಿಂದ ಬೆಳೆಯುತ್ತದೆ ಎಂಬ ಭಾವನೆ ಅಂದೇ ಅವನಲ್ಲಿ ಮೊಳೆಯಿತೆನ್ನಬಹುದು. ಹತ್ತನೆಯ ವಯಸ್ಸಿನಲ್ಲಿ ತಾಯಿಯ ಅಣ್ಣನಾದ ಹಾಫ್‌ಮನ್ ಎಂಬ ದಯಾವಂತನು ಸೋದರಳಿಯನನ್ನು ತನ್ನ ಊರಾದ ಶ್ಟಾಟ್‌ಇಲ್ಮಿಗೆ ಕರೆದುಕೊಂಡು ಹೋದನು. ಸಂದೇಹದ ಮನೆಯಿಂದ ನಂಬಿಕೆಯ ಮನೆಗೆ ಬಂದ ಹುಡುಗ ಅಲ್ಲಿ ಮೊದಲ ಬಾರಿಗೆ ಓರಗೆಯವರೊಡನೆ ಮನಸಾರೆ ಆಡಿದನು. ಆಟವು ಮನುಷ್ಯನನ್ನು ಹೇಗೆ ತಿದ್ದಬಲ್ಲುದು ಎಂಬುದನ್ನು ಅವನು ಪುಸ್ತಕದಿಂದ ಕಲಿತದ್ದಲ್ಲ. ಆ ನಾಲ್ಕೈದು ವರ್ಷಗಳ ಸುಖದಿಂದ ಕಲಿತದ್ದು.

ಮಂದಮತಿಯೆಂಬ ಹಣೆಪಟ್ಟಿ ಬಿದ್ದವನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವವರು ಯಾರು? ಹದಿನೈದನೆಯ ವರ್ಷದಲ್ಲಿ ಅವನನ್ನು ಒಬ್ಬ ಅರಣ್ಯಾಧಿಕಾರಿಯ ಬಳಿ ಕೆಲಸ ಕಲಿಯಲು ಬಿಟ್ಟರು. ಎರಡು ವರ್ಷಗಳಲ್ಲಿ ಆ ಗುರು ಕಲಿಸಿದ್ದು ಅಲ್ಪ. ಕಾಡು ಕಲಿಸಿದ್ದು ಬಹಳ. ೧೭೯೯ರಲ್ಲಿ, ಯೇನಾ ನಗರದಲ್ಲಿ ವೈದ್ಯವಿದ್ಯೆ ಓದುತ್ತಿದ್ದ ಅಣ್ಣನಿಗೆ ಹಣ ತಲಪಿಸಲು ಹೋದವನು ತಾನೂ ಅಲ್ಲಿಯೇ ವಿದ್ಯಾರ್ಥಿಯಾಗಿ ನಿಂತನು. ಕೈಯಲ್ಲಿದ್ದ ಸ್ವಲ್ಪ ಹಣವನ್ನು ಅಣ್ಣನಿಗೆ ಸಾಲ ಕೊಟ್ಟನು, ಅಣ್ಣನು ಹಿಂದಿರುಗಿಸಲಿಲ್ಲ. ಊಟದ ಬಾಕಿ ತೀರಿಸಲಾರದೆ ಒಂಬತ್ತು ವಾರಗಳ ಕಾಲ ವಿಶ್ವವಿದ್ಯಾನಿಲಯದ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಪಿತ್ರಾರ್ಜಿತದ ಹಕ್ಕನ್ನು ಬಿಟ್ಟುಕೊಡುವೆನೆಂದು ಬರೆದುಕೊಟ್ಟ ಮೇಲೆಯೇ ತಂದೆ ಹಣ ಕಟ್ಟಿ ಬಿಡಿಸಿದನು. ೧೮೦೨ರಲ್ಲಿ ತಂದೆ ತೀರಿಕೊಂಡನು. ತರುವಾಯ ಕೆಲವು ವರ್ಷ ಗುಮಾಸ್ತೆ, ಮೋಜಣಿದಾರ ಮುಂತಾಗಿ ನಾನಾ ಉದ್ಯೋಗಗಳು. ಇಪ್ಪತ್ತಮೂರು ವರ್ಷ ತುಂಬಿದರೂ ತಾನು ಯಾವುದಕ್ಕೆ ಹುಟ್ಟಿದವನು ಎಂಬುದು ಅವನಿಗೆ ತಿಳಿದಿರಲಿಲ್ಲ.

ಅದು ತಿಳಿದದ್ದು ಆಕಸ್ಮಿಕವಾಗಿ. ೧೮೦೫ರಲ್ಲಿ ವಾಸ್ತುಶಿಲ್ಪ ಕಲಿಯಬೇಕೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದನು. ಅಲ್ಲಿ ಗ್ರೂನರ್ ಎಂಬವನು ಹೊಸ ರೀತಿಯ ಒಂದು ಮಾದರಿ ಶಾಲೆಯನ್ನು ನಡೆಸುತ್ತಿದ್ದನು. ಅವನು ಫ್ರೋಬೆಲನನ್ನು ನೋಡಿದೊಡನೆ, ಕಟ್ಟಡದ ಕೆಲಸ ನಿನಗಲ್ಲ, ಉಪಾಧ್ಯಾಯನಾಗು ಎಂದು ಸಲಹೆಯಿತ್ತನು. ಮೊದಲ ದಿನ ತರಗತಿಯಲ್ಲಿ ಹುಡುಗರ ಮುಂದೆ ನಿಂತಾಗ ಫ್ರೋಬೆಲನಿಗೆ ನೀರಿಗೆ ಬಿಟ್ಟ ಮೀನಿನಂತಾಯಿತು. ಅಂದಿನಿಂದ ಅವನು ಬೇರೆ ವೃತ್ತಿಯನ್ನು ಅರಸಲಿಲ್ಲ.

ಆ ಕಾಲದಲ್ಲಿ ಶಿಕ್ಷಣದ ವಿಷಯ ಚಿಂತಿಸುವವರೆಲ್ಲರಿಗೂ ಸ್ವಿಟ್ಜರ್ಲೆಂಡಿನ ಪೆಸ್ಟಲಾಜಿಯೇ ಗುರು. ಬಾಯಿಪಾಠಕ್ಕೆ ಬದಲು ವಸ್ತುವನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಕಲಿಯಬೇಕೆಂಬುದು ಆತನ ತತ್ತ್ವ. ಫ್ರೋಬೆಲನು ೧೮೦೫ರಲ್ಲಿ ಎರಡು ವಾರ ಅಲ್ಲಿಗೆ ಹೋಗಿ ನೋಡಿ ಬಂದನು. ಅನಂತರ ಫ್ರಾಂಕ್‌ಫರ್ಟಿನ ಒಂದು ಶ್ರೀಮಂತ ಮನೆತನದ ಮೂವರು ಹುಡುಗರಿಗೆ ಮನೆಪಾಠದ ಮೇಷ್ಟರಾದನು. ಅವರಿಗಾಗಿ ಒಂದು ತುಂಡು ನೆಲ ಪಡೆದು ತೋಟ ಮಾಡಿಸಿದನು. ೧೮೦೮ರಿಂದ ೧೮೧೦ರವರೆಗೆ ಅವರನ್ನೂ ಕರೆದುಕೊಂಡು ಪೆಸ್ಟಲಾಜಿಯ ಬಳಿಯಲ್ಲಿಯೇ ಇದ್ದನು. ಗುರುವಿನ ವಿಷಯದಲ್ಲಿ ಅವನಿಗೆ ಅಪಾರವಾದ ಗೌರವ. ಆದರೆ ಅಲ್ಲಿಯ ಪಾಠಗಳು ಬಿಡಿಬಿಡಿಯಾಗಿವೆ, ಒಂದಕ್ಕೊಂದು ಹೊಂದಿಕೆಯಿಲ್ಲ ಎಂಬ ಅತೃಪ್ತಿಯೂ ಉಳಿಯಿತು.

ಆ ಹೊಂದಿಕೆಯನ್ನು ಹುಡುಕುತ್ತ ಅವನು ಮತ್ತೆ ವಿದ್ಯಾರ್ಥಿಯಾದನು. ೧೮೧೧ರಲ್ಲಿ ಗಟ್ಟಿಂಗೆನ್, ೧೮೧೨ರಲ್ಲಿ ಬರ್ಲಿನ್. ಬರ್ಲಿನ್ನಿನಲ್ಲಿ ಖನಿಜಶಾಸ್ತ್ರದ ಪ್ರಸಿದ್ಧ ಪ್ರಾಧ್ಯಾಪಕ ವೈಸ್‌ನ ಶಿಷ್ಯನಾಗಿ ಹರಳುಗಳ ಅಭ್ಯಾಸ ಮಾಡಿದನು. ೧೮೧೩ರಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧವಾದಾಗ ಸ್ವಯಂಸೇವಕರ ದಂಡಿಗೆ ಸೇರಿದನು. ನಾಡನ್ನು ಕಾಯದವನು ನಾಡಿನ ಮಕ್ಕಳಿಗೆ ಯಾವ ಮುಖದಿಂದ ಪಾಠ ಹೇಳಬೇಕು ಎಂಬುದು ಅವನ ವಾದ. ಆ ದಂಡಿನಲ್ಲಿಯೇ ಲಾಂಗೆಥಾಲ್ ಮತ್ತು ಮಿಡೆನ್‌ಡಾರ್ಫ್ ಎಂಬ ಇಬ್ಬರು ಗೆಳೆಯರು ದೊರಕಿದರು. ಯುದ್ಧಾನಂತರ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ವೈಸ್‌ನ ಸಹಾಯಕನಾದನು. ದಿನವಿಡೀ ಕಲ್ಲಿನ ಹರಳುಗಳ ನಡುವೆ ಇರುತ್ತ, ನಿರ್ಜೀವವಾದ ಕಲ್ಲು ಕೂಡ ಒಳಗಿನ ನಿಯಮಕ್ಕೆ ತಕ್ಕಂತೆ ಹೊರಗೆ ರೂಪ ತಾಳುವುದನ್ನು ಕಂಡನು. ಹಾಗಾದರೆ ಮಗುವೂ ಒಳಗಿನಿಂದಲೇ ಬೆಳೆಯಬೇಕಲ್ಲವೆ? ಹೊರಗಿನಿಂದ ತುಂಬುವುದು ಶಿಕ್ಷಣವಲ್ಲ, ಒಳಗಿರುವುದು ಅರಳಲು ಎಡೆಮಾಡಿಕೊಡುವುದೇ ಶಿಕ್ಷಣ ಎಂಬ ಅವನ ಸಿದ್ಧಾಂತ ಅಲ್ಲಿ ಗಟ್ಟಿಯಾಯಿತು.

ಈ ಮಧ್ಯೆ ಅಣ್ಣ ಕ್ರಿಸ್ಟೋಫ್ ವಿಷಮಜ್ವರದಿಂದ ತೀರಿಕೊಂಡು, ಮೂವರು ಗಂಡುಮಕ್ಕಳು ತಬ್ಬಲಿಗಳಾಗಿದ್ದರು. ೧೮೧೬ರಲ್ಲಿ ಫ್ರೋಬೆಲನು ಬರ್ಲಿನ್ನಿನ ಉದ್ಯೋಗಕ್ಕೆ ರಾಜೀನಾಮೆಯಿತ್ತು, ಅತ್ತಿಗೆ ವಾಸವಾಗಿದ್ದ ಗ್ರೀಸ್‌ಹೈಮ್ ಹಳ್ಳಿಗೆ ಬಂದು, ಆ ಮೂವರನ್ನೂ ಇನ್ನೊಬ್ಬ ಅಣ್ಣನ ಇಬ್ಬರನ್ನೂ ಸೇರಿಸಿಕೊಂಡು ಶಾಲೆ ತೆರೆದನು. ವಿದ್ಯಾರ್ಥಿಗಳು ಐದು, ಶಾಲೆಯ ಹೆಸರು ಮಾತ್ರ ಸಾರ್ವತ್ರಿಕ ಜರ್ಮನ್ ಶಿಕ್ಷಣ ಸಂಸ್ಥೆ! ಮರುವರ್ಷ ಶಾಲೆ ಕೈಲ್‌ಹೌ ಎಂಬ ಹಳ್ಳಿಗೆ ಬದಲಾಯಿತು. ದಂಡಿನ ಗೆಳೆಯರಿಬ್ಬರೂ ಬಂದು ಜೊತೆಗೂಡಿದರು. ೧೮೧೮ರಲ್ಲಿ ಬರ್ಲಿನ್ನಿನ ಸುಶಿಕ್ಷಿತ ಮಹಿಳೆ ವಿಲ್ಹೆಲ್ಮೀನ್ ಹಾಫ್‌ಮೈಸ್ಟರ್ ಅವನನ್ನು ಮದುವೆಯಾಗಿ, ನಗರದ ಸುಖವನ್ನು ಬಿಟ್ಟು ಆ ಬಡ ಶಾಲೆಗೆ ಬಂದಳು. ತಮಗೆ ಮಕ್ಕಳಾಗದಿದ್ದರೂ ಶಾಲೆಯ ಮಕ್ಕಳೆಲ್ಲರನ್ನೂ ಅವಳು ತನ್ನವರಂತೆ ಸಾಕಿದಳು. ೧೮೨೬ರಲ್ಲಿ ಫ್ರೋಬೆಲನ ಮುಖ್ಯ ಗ್ರಂಥವಾದ ಮಾನವ ಶಿಕ್ಷಣ ಪ್ರಕಟವಾಯಿತು. ಬರವಣಿಗೆ ಗಡುಸು, ವೇದಾಂತದ ಮಬ್ಬು ಹೆಚ್ಚು. ಆದರೂ ಎಳೆತನದ ಆಟವೇ ಮುಂದಿನ ಬಾಳಿನ ಬೀಜ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ಬಂದಿದೆ.

ಕೈಲ್‌ಹೌ ಶಾಲೆ ಅರವತ್ತು ಮಕ್ಕಳವರೆಗೂ ಬೆಳೆಯಿತು. ಆದರೆ ಸ್ವತಂತ್ರವಾಗಿ ಯೋಚಿಸುವವರನ್ನೆಲ್ಲ ಅಂದಿನ ಜರ್ಮನ್ ಸರ್ಕಾರಗಳು ರಾಜದ್ರೋಹಿಗಳೆಂದು ಶಂಕಿಸುತ್ತಿದ್ದವು. ಈ ಶಾಲೆಯ ಮೇಲೂ ಗುಮಾನಿ ಬಿದ್ದಿತು. ತಪಾಸಣೆಗೆ ಬಂದ ಅಧಿಕಾರಿ ಶಾಲೆಯನ್ನು ಹೊಗಳಿ ವರದಿ ಕೊಟ್ಟರೂ ಪೋಷಕರ ಭಯ ಹೋಗಲಿಲ್ಲ. ೧೮೨೯ರ ಹೊತ್ತಿಗೆ ಮಕ್ಕಳ ಸಂಖ್ಯೆ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು. ೧೮೩೧ರಲ್ಲಿ ಫ್ರೋಬೆಲನು ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿ ಶಾಲೆಗಳನ್ನು ತೆರೆದನು. ೧೮೩೫ರಲ್ಲಿ ಬುರ್ಗ್‌ಡಾರ್ಫಿನ ಅನಾಥಾಲಯದ ಆಡಳಿತ ವಹಿಸಿಕೊಂಡನು. ಹಿಂದೆ ಪೆಸ್ಟಲಾಜಿ ಪಾಠ ಹೇಳಿದ ಊರು ಅದು. ಶಾಲೆಗೆ ಬರುವ ಮುಂಚಿನ ವರ್ಷಗಳಲ್ಲಿಯೇ ಮಕ್ಕಳ ಬೆಳವಣಿಗೆಗೆ ಪೋಷಣೆ ತಪ್ಪಿಹೋಗಿರುತ್ತದೆ, ಆಮೇಲೆ ಉಪಾಧ್ಯಾಯರು ಎಷ್ಟು ಹೆಣಗಿದರೂ ತಡವೇ ಎಂಬ ಸಂಗತಿ ಅವನಿಗೆ ಅಲ್ಲಿ ಮನದಟ್ಟಾಯಿತು. ಸುಮಾರು ಐವತ್ತೈದನೆಯ ವಯಸ್ಸಿನಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ ಕಾಲದಲ್ಲಿ, ಅವನ ನಿಜವಾದ ಕೆಲಸ ಆರಂಭವಾಯಿತು.

೧೮೩೭ರಲ್ಲಿ ಅವನು ಕೈಲ್‌ಹೌಗೆ ಸಮೀಪದ ಬ್ಲಾಂಕನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. ಅದಕ್ಕೆ ಕೊಟ್ಟ ಹೆಸರು ಬಾಯಲ್ಲಿ ಹೊರಳದಷ್ಟು ಉದ್ದವಾಗಿತ್ತು. ಶಾಲೆ ಎಂಬ ಪದ ಅವನಿಗೆ ಬೇಡ. ಏಕೆಂದರೆ ಅಲ್ಲಿ ಪಾಠ ಹೇಳುವುದಿಲ್ಲ, ಮಕ್ಕಳು ಬೆಳೆಯುತ್ತಾರೆ. ೧೮೪೦ರಲ್ಲಿ ಒಂದು ದಿನ ಗೆಳೆಯರೊಡನೆ ಗುಡ್ಡ ದಾಟಿ ಬರುತ್ತಿದ್ದಾಗ, ಕೆಳಗೆ ಹಸಿರಾಗಿ ಹರಡಿದ್ದ ಕಣಿವೆಯನ್ನು ಕಂಡು ಕಿಂಡರ್‌ಗಾರ್ಟನ್ ಎಂಬ ಹೆಸರು ತಟ್ಟನೆ ಹೊಳೆಯಿತೆಂದೂ, ಅದನ್ನು ಅವನು ಬೆಟ್ಟಕ್ಕೆಲ್ಲ ಕೇಳಿಸುವಂತೆ ಕೂಗಿದನೆಂದೂ ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಅದೇ ವರ್ಷ ಜೂನ್ ೨೮ರಂದು ಮಕ್ಕಳ ತೋಟದ ಉದ್ಘಾಟನೆಯಾಯಿತು. ಅವನ ದುಃಖವೆಂದರೆ, ಕಷ್ಟಕಾಲದಲ್ಲಿ ಬೆನ್ನಿಗೆ ನಿಂತ ವಿಲ್ಹೆಲ್ಮೀನ್ ಇದನ್ನು ಕಾಣಲಿಲ್ಲ. ಅವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು.

ಈ ತೋಟದಲ್ಲಿ ಏನು ನಡೆಯುತ್ತಿತ್ತು? ಫ್ರೋಬೆಲನು ಮಕ್ಕಳಿಗಾಗಿ ಕೆಲವು ಆಟದ ಸಾಮಾನುಗಳನ್ನು ಕ್ರಮವಾಗಿ ರಚಿಸಿ, ಅವಕ್ಕೆ ಕೊಡುಗೆಗಳೆಂದು ಹೆಸರಿಟ್ಟನು. ಮೊದಲನೆಯ ಕೊಡುಗೆ ಆರು ಬಣ್ಣಗಳ ಆರು ಉಣ್ಣೆಯ ಚೆಂಡುಗಳು. ಚೆಂಡನ್ನು ದಾರಕ್ಕೆ ಕಟ್ಟಿ ಮಗುವಿನ ಮುಂದೆ ತೂಗಿದರೆ, ಬಂತು, ಹೋಯಿತು, ಮೇಲೆ, ಕೆಳಗೆ ಎಂಬ ಮಾತುಗಳ ಅರ್ಥ ಮಗುವಿಗೆ ಕಣ್ಣಿನಿಂದಲೇ ತಿಳಿಯುತ್ತದೆ. ಎರಡನೆಯದರಲ್ಲಿ ಮರದ ಗೋಳ, ಘನ ಮತ್ತು ಉರುಳೆ. ಗೋಳ ಎತ್ತ ತಳ್ಳಿದರೂ ಉರುಳುತ್ತದೆ. ಘನ ಕೂರಿಸಿದಲ್ಲಿ ಕೂರುತ್ತದೆ. ಉರುಳೆ ಎರಡನ್ನೂ ಮಾಡುತ್ತದೆ. ವಿರುದ್ಧವಾದ ಎರಡನ್ನು ಕೂಡಿಸುವ ಮೂರನೆಯದೊಂದು ಉಂಟು ಎಂಬುದನ್ನು ಮಗು ಕೈಯಿಂದಲೇ ಅರಿಯುತ್ತದೆ. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಮುಂದಿನವುಗಳಲ್ಲಿ ಇಟ್ಟಿಗೆಯಾಕಾರದ ತುಂಡುಗಳೂ ಓರೆಯಾಗಿ ಸೀಳಿದ ತುಂಡುಗಳೂ ಬರುತ್ತವೆ.

ಮೂರನೆಯ ಕೊಡುಗೆಯನ್ನು ಹಿಡಿದ ಮಗುವನ್ನು ಊಹಿಸಿಕೊಳ್ಳಿ. ಅದೇ ಎಂಟು ತುಂಡುಗಳಿಂದ ಮೊದಲು ಕುರ್ಚಿ, ಮೆಟ್ಟಿಲು, ಬಾವಿಯ ಕಟ್ಟೆ ಕಟ್ಟುತ್ತದೆ. ಇವು ಬಾಳಿನ ರೂಪಗಳು. ಅನಂತರ ನಾಲ್ಕು ನಾಲ್ಕಾಗಿ, ಎರಡೆರಡಾಗಿ ಜೋಡಿಸುತ್ತದೆ. ಇವು ಜ್ಞಾನದ ರೂಪಗಳು. ಎಂಟರ ಅರ್ಧ ನಾಲ್ಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಡೆಗೆ ಒಂದು ನಡುವಿನ ಸುತ್ತ ನಕ್ಷತ್ರದಂತೆ, ಹೂವಿನಂತೆ ಹರಡುತ್ತದೆ. ಇವು ಸೌಂದರ್ಯದ ರೂಪಗಳು. ನಿಯಮಗಳು ಎರಡು: ಯಾವ ತುಂಡನ್ನೂ ಹೊರಗೆ ಬಿಡಕೂಡದು, ಕಟ್ಟಿದ್ದನ್ನು ಕೆಡವಕೂಡದು, ಒಂದನ್ನು ಮೆಲ್ಲಗೆ ಇನ್ನೊಂದನ್ನಾಗಿ ಮಾರ್ಪಡಿಸಬೇಕು. ಇವಲ್ಲದೆ ಕಾಗದ ಮಡಿಸುವುದು, ಹೆಣೆಯುವುದು, ಮಣ್ಣಿನ ಕೆಲಸ, ಕೈಕೈ ಹಿಡಿದು ಸುತ್ತುವ ಹಾಡಿನ ಆಟಗಳು. ಪ್ರತಿ ಮಗುವಿಗೂ ತನ್ನದೇ ಆದ ಒಂದು ಚಿಕ್ಕ ಪಾತಿ; ಎಲ್ಲರಿಗೂ ಸೇರಿದ ದೊಡ್ಡ ಪಾತಿಗಳು ಬೇರೆ. ತನ್ನದನ್ನು ನೋಡಿಕೊಳ್ಳುವುದನ್ನೂ ಎಲ್ಲರದನ್ನು ನೋಡಿಕೊಳ್ಳುವುದನ್ನೂ ಮಗು ಒಟ್ಟಿಗೆ ಕಲಿಯಬೇಕೆಂಬುದು ಇದರ ಉದ್ದೇಶ.

೧೮೪೪ರಲ್ಲಿ ಅವನು ತಾಯಂದಿರಿಗಾಗಿ ಹಾಡು ಮತ್ತು ಬೆರಳಾಟಗಳ ಒಂದು ಪುಸ್ತಕವನ್ನು ಹೊರತಂದನು. ಮಗುವಿನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಕೊನೆಗೆ ಕಂಕುಳಿಗೆ ಕಚಗುಳಿ ಇಡುವ ಆಟವನ್ನು ನಮ್ಮ ಹಳ್ಳಿಯ ಅಜ್ಜಿಯರೂ ಬಲ್ಲರು. ಜರ್ಮನಿಯ ರೈತಹೆಂಗಸರು ಆಡಿಸುತ್ತಿದ್ದ ಅಂಥ ಆಟಗಳನ್ನೇ ಗಮನಿಸಿ, ಅವುಗಳಲ್ಲಿ ಅಡಗಿರುವ ವಿದ್ಯೆಯನ್ನು ಅವನು ಎತ್ತಿ ತೋರಿಸಿದನು. ಒಂಬತ್ತು ತಿಂಗಳಿಗೇ ತಾಯಿಯನ್ನು ಕಳೆದುಕೊಂಡವನು ಲೋಕದ ತಾಯಂದಿರಿಗೆ ಪುಸ್ತಕ ಬರೆದನೆಂಬುದನ್ನು ನೆನೆದಾಗ ಮನಸ್ಸು ಕರಗುತ್ತದೆ. ಎಳೆಯ ಮಕ್ಕಳ ಶಿಕ್ಷಣಕ್ಕೆ ಸ್ತ್ರೀಯರೇ ಯೋಗ್ಯರೆಂದು ಹೇಳಿ ತರುಣಿಯರಿಗೆ ತರಬೇತಿ ಕೊಡಲು ತೊಡಗಿದ್ದೂ ಅವನ ದೊಡ್ಡ ಕಾರ್ಯ. ಹೆಣ್ಣುಮಕ್ಕಳಿಗೆ ಮನೆಗೆಲಸವನ್ನು ಬಿಟ್ಟು ಬೇರೆ ವೃತ್ತಿಯೇ ಅಪರೂಪವಾಗಿದ್ದ ಕಾಲವದು.

ಜನ ಅವನನ್ನು ಅರ್ಥಮಾಡಿಕೊಳ್ಳಲಿಲ್ಲ. ೧೮೪೯ರಲ್ಲಿ ಅವನು ಲೀಬನ್‌ಸ್ಟೈನ್ ಎಂಬ ಊರಿಗೆ ಬಂದು ನೆಲಸಿದಾಗ, ಅರವತ್ತೇಳು ವರ್ಷದ ಮುದುಕ ಹಳ್ಳಿಯ ಮಕ್ಕಳ ಕೈಹಿಡಿದು ಕುಣಿಯುವುದನ್ನು ಕಂಡವರು ಅವನಿಗೆ ಹುಚ್ಚನೆಂಬ ಬಿರುದನ್ನಿತ್ತರು. ಆ ಹುಚ್ಚನನ್ನು ನೋಡಲೆಂದು ಬಂದ ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಶ್ರೀಮಂತ ಮಹಿಳೆ, ಆಟವನ್ನು ನೋಡುತ್ತ ನಿಂತು ಅವನ ಶಿಷ್ಯಳೇ ಆಗಿಬಿಟ್ಟಳು.

ಕೊನೆಯ ಪೆಟ್ಟು ಬಿದ್ದದ್ದು ೧೮೫೧ರಲ್ಲಿ. ಆ ವರ್ಷವೇ ಅವನು ತನ್ನ ಶಿಷ್ಯಳಾದ ಲೂಯಿಸೆ ಲೆವಿನ್ ಎಂಬವಳನ್ನು ಮದುವೆಯಾಗಿ ನೆಮ್ಮದಿ ಕಂಡಿದ್ದನು. ಆಗಸ್ಟ್ ೭ರಂದು ಪ್ರಷ್ಯದ ಸರ್ಕಾರ ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು. ಇವು ಎಳೆಯರಿಗೆ ನಾಸ್ತಿಕತೆಯನ್ನು ಕಲಿಸುವ ಸಮಾಜವಾದಿ ಪಿತೂರಿ ಎಂಬುದು ಆರೋಪ. ವಾಸ್ತವವಾಗಿ ದೈವಭಕ್ತಿಯೇ ಫ್ರೋಬೆಲನ ಚಿಂತನೆಯ ಬುನಾದಿ. ಹ್ಯಾಂಬುರ್ಗಿನಲ್ಲಿ ಸ್ತ್ರೀಯರ ವಿದ್ಯಾಲಯ ನಡೆಸುತ್ತಿದ್ದ ಕಾರ್ಲ್ ಫ್ರೋಬೆಲನ ಕಿರುಹೊತ್ತಗೆಯೊಂದನ್ನು ಮುಂದಿಟ್ಟುಕೊಂಡು ಸರ್ಕಾರ ಇಬ್ಬರನ್ನೂ ಒಂದುಗೂಡಿಸಿಬಿಟ್ಟಿತ್ತು. ಈ ಕಾರ್ಲ್ ಬೇರೆ ಯಾರೂ ಅಲ್ಲ. ತೀರಿಕೊಂಡ ಅಣ್ಣ ಕ್ರಿಸ್ಟೋಫನ ಮಗ, ೧೮೧೬ರ ಮೊದಲ ಐವರು ವಿದ್ಯಾರ್ಥಿಗಳಲ್ಲಿ ಒಬ್ಬ. ಫ್ರೋಬೆಲನು ವಿವರಣೆ ಕೊಟ್ಟನು, ದೊರೆಗೇ ಮನವಿ ಬರೆದುಕೊಂಡನು. ಆಜ್ಞೆ ಹಿಂದಕ್ಕೆ ಬರಲಿಲ್ಲ. ೧೮೫೨ರಲ್ಲಿ ಗೋಥಾ ನಗರದ ಉಪಾಧ್ಯಾಯರ ಸಮ್ಮೇಳನಕ್ಕೆ ಅವನು ಹೋದಾಗ ಸಭೆಯೆಲ್ಲ ಎದ್ದು ನಿಂತು ಗೌರವಿಸಿತು. ಬಾಳಿನಲ್ಲಿ ಅವನು ಕಂಡ ಕೊನೆಯ ಮರ್ಯಾದೆ ಅದು. ಅದೇ ಜೂನ್ ೨೧ರಂದು ಲೀಬನ್‌ಸ್ಟೈನಿನ ಬಳಿಯ ಮೇರಿಯೆನ್‌ತಾಲ್ ಎಂಬಲ್ಲಿ ತೀರಿಕೊಂಡನು. ಅವನ ಸಮಾಧಿಯ ಗುರುತು ಘನ, ಅದರ ಮೇಲೆ ಉರುಳೆ, ಅದರ ಮೇಲೆ ಗೋಳ: ಅವನ ಎರಡನೆಯ ಕೊಡುಗೆಯೇ.

ನಿಷೇಧ ೧೮೬೦ರಲ್ಲಿ ತೆರವಾಯಿತು. ಅಷ್ಟರಲ್ಲಿಯೇ ಬೀಜ ದೂರದೂರಕ್ಕೆ ಹಾರಿತ್ತು. ಜರ್ಮನಿಯಿಂದ ವಲಸೆಹೋದ ಮಾರ್ಗರೆಟ್ ಶುರ್ಜ್ ಎಂಬಾಕೆ ೧೮೫೬ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಆ ದೇಶದ ಮೊದಲ ಮಕ್ಕಳ ತೋಟವನ್ನು ತೆರೆದಳು. ೧೮೭೩ರಲ್ಲಿ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ಶಾಲೆಯಲ್ಲಿಯೇ ಅದಕ್ಕೆ ಸ್ಥಾನ ದೊರಕಿತು. ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ಈ ಮರದ ತುಂಡುಗಳಿಂದ ಆಡಿದವನು; ತನ್ನ ವಿದ್ಯೆಗೆ ಅವುಗಳ ಋಣವನ್ನು ಅವನು ಕೊನೆಯವರೆಗೂ ನೆನೆದನು.

ಆದರೆ ಗುರುವಿನ ಹಿಂದೆ ಬರುವ ಅನುಯಾಯಿಗಳು ಗುರುವಿನ ಜೀವವನ್ನು ಬಿಟ್ಟು ಒಡಲನ್ನು ಹಿಡಿಯುವುದುಂಟು. ಫ್ರೋಬೆಲನ ಗತಿಯೂ ಇದೇ ಆಯಿತು. ಉಪಾಧ್ಯಾಯಿನಿ ಹೇಳಿದಂತೆ ಎಲ್ಲ ಮಕ್ಕಳೂ ಒಟ್ಟಿಗೆ ಘನವನ್ನು ಎತ್ತಿ ಇಡುವ ಕವಾಯತು ಹಲವೆಡೆ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ ಡ್ಯೂಯಿ ಮೊದಲಾದವರು ಇದನ್ನು ಟೀಕಿಸಿದರು. ಗೋಳದಲ್ಲಿ ವಿಶ್ವದ ಏಕತೆಯನ್ನು ಮಗು ಕಾಣುತ್ತದೆಂಬ ಫ್ರೋಬೆಲನ ವೇದಾಂತವನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ಆದರೆ ಅವನ ಮೂಲ ತತ್ತ್ವ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪಿಯಾಜೆ, ಎಳೆಯ ಮಗು ಕೈಯಿಂದ ಮಾಡಿಮಾಡಿಯೇ ಯೋಚಿಸಲು ಕಲಿಯುತ್ತದೆಂದು ತೋರಿಸಿದನು. ರಷ್ಯದ ವೈಗಾಟ್‌ಸ್ಕಿ, ಕೋಲನ್ನು ಕುದುರೆ ಮಾಡಿಕೊಂಡು ಸವಾರಿ ಹೊರಟ ಮಗು ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸುವ ವಿದ್ಯೆಯನ್ನು ಕಲಿಯುತ್ತಿದೆ ಎಂದು ವಿವರಿಸಿದನು. ಅಕ್ಷರವೆಂಬ ಗೆರೆಗೆ ಅರ್ಥ ಬರುವುದಕ್ಕೂ ಅದೇ ವಿದ್ಯೆ ಬೇಕು. ನಮ್ಮ ದೇಶದ ೨೦೨೦ರ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವೇ ಆಧಾರವಾಗಬೇಕೆಂದು ಹೇಳಿದೆ.

ಕಾಗದದ ಮೇಲೆ ಹೀಗಿದ್ದರೂ ಬೀದಿಯಲ್ಲಿ ಕಾಣುವುದು ಬೇರೆ. ಮೂರೂವರೆ ವರ್ಷದ ಮಗು ಬೆನ್ನಿಗೆ ಚೀಲ ಕಟ್ಟಿಕೊಂಡು ಎಲ್.ಕೆ.ಜಿ.ಗೆ ಹೋಗಿ, ಅಕ್ಷರಗಳನ್ನು ಸಾಲುಸಾಲಾಗಿ ತಿದ್ದಿ, ಮನೆಗೆ ಬಂದು ಮತ್ತೆ ತಿದ್ದುತ್ತದೆ. ಇದಕ್ಕೆ ತಂದೆತಾಯಿಗಳನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮಲ್ಲಿ ಅನೇಕರು ಮನೆಯ ಮೊದಲ ಓದುಗರಾಗಿ ಈ ಕಾಲೇಜಿನ ಮೆಟ್ಟಿಲು ಹತ್ತಿದವರು. ಅಕ್ಷರವಿಲ್ಲದೆ ತಾವು ಪಟ್ಟ ಪಾಡು ಮಕ್ಕಳಿಗೆ ಬಾರದಿರಲಿ ಎಂದು ಕೂಲಿಯ ಹಣದಲ್ಲಿ ಫೀಸು ಕಟ್ಟುವವರಿಗೆ, ಮಗು ಶಾಲೆಯಲ್ಲಿ ಆಟವಾಡಿ ಬಂತೆಂದರೆ ಮೋಸಹೋದಂತೆ ತೋರುವುದು ಸಹಜ. ಅವರಿಗೆ ತಿಳಿಯಹೇಳಬೇಕಾದವರು ಓದಿದ ನಾವು. ನಮ್ಮ ಅಂಗನವಾಡಿಗಳಲ್ಲಿ ಮರಳು, ಮಣ್ಣು, ಹುಣಿಸೆಬೀಜ, ನಾಲ್ಕು ಮರದ ತುಂಡು ಇವಿಷ್ಟಿದ್ದರೂ ಸಾಕು. ಮಗುವಿನೊಡನೆ ನೆಲದ ಮೇಲೆ ಕುಳಿತುಕೊಳ್ಳುವ ತಾಳ್ಮೆಯುಳ್ಳ ಒಬ್ಬರು ಬೇಕು. ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು, ಎಲ್ಲರೂ ಒಂದಲ್ಲ ಒಂದು ದಿನ ತಂದೆತಾಯಿಗಳಾಗುವವರು. ಮಂದಮತಿಯೆಂದು ತಳ್ಳಲ್ಪಟ್ಟ ಒಬ್ಬ ಹುಡುಗ ಮುಂದೆ ಲೋಕದ ಮಕ್ಕಳಿಗೆಲ್ಲ ತೋಟ ಮಾಡಿಕೊಟ್ಟನು. ಆ ತೋಟದ ಹೆಸರು ಬರೆದ ಫಲಕದ ಕೆಳಗೆ ಮಕ್ಕಳಿಗೆ ಆಡಲು ಬಿಡುವುದು ನಾವು ಅವನಿಗೆ ತೀರಿಸಬಹುದಾದ ಋಣ.